ಮನೆಗೆ ವರ್ಗವಾದ ಮಾಸ್ತರು

60 ತುಂಬಿದ ತಿಂಗಳ ಕೊನೆಗೆ ಇಲಾಖೆ ಹಾರ ಹಾಕಿ, ಶಾಲು ಹೊದೆಸಿ ಬೀಳ್ಕೊಟ್ಟರೆ, ಕುಮಟಾ ಕಡೆಯ ಮಾಸ್ತರು ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಜರಿ ಹಾಕುತ್ತಾರೆ. ದಿನಕ್ಕೆ ಎಷ್ಟು ತೆಂಗಿನಕಾಯಿ? ಸಾಸಿವೆ ಡಬ್ಬಿಗೆ ಚೀಟಿ ಯಾಕಿಲ್ಲ? ಇಷ್ಟು ವರ್ಷ ಏಕೋಪಾಧ್ಯಾಯ ಶಾಲೆಯಂತೆ ಮನೆ ನಡೆಸಿದ ಹೆಂಡತಿಗೆ ಈಗ ಎರಡನೇ ಮಾಸ್ತರು ಬಂದ ಹಾಗಾಯಿತು. ಆಕೆ ಏನೂ ಅನ್ನುವುದಿಲ್ಲ. ಅನ್ನಬೇಕಾದ್ದನ್ನು ಸ್ಟೀಲ್ ತಟ್ಟೆಗಳು ಅನ್ನುತ್ತವೆ.

ಮಾಸ್ತರು ಸುಖವಾಗಿದ್ದಾರೋ ಇಲ್ಲವೋ ತಿಳಿಯಲು ಅವರನ್ನೇ ಕೇಳಿ ಪ್ರಯೋಜನವಿಲ್ಲ. ‘ಹೇಗಿದ್ದೀರಿ?’ ಎಂದರೆ ಒಳಗೆ ನೋಡುತ್ತಾರೆ. ಹೆಂಡತಿಗೆ ಮಂಡಿನೋವು ಜೋರಾದ ದಿನ ದೇಶ ಹಾಳಾಗಿರುತ್ತದೆ, ಪೇಪರಿನಲ್ಲಿ ಓದುವಂಥದ್ದೇನಿಲ್ಲ, ಯಕ್ಷಗಾನ ಮೇಳದಲ್ಲಿ ಒಬ್ಬ ಭಾಗವತನಿಗೂ ಕಂಠವಿಲ್ಲ. ಆಕೆ ಭಜನೆ ಮುಗಿಸಿ ನಗುತ್ತ ಬಂದ ದಿನ ಹೆದ್ದಾರಿ 66ರ ಚತುಷ್ಪಥ ಈ ವರ್ಷವೇ ಮುಗಿಯುತ್ತದೆ, ಬೇಕಾದರೆ ಬರೆದಿಟ್ಟುಕೊಳ್ಳಿ!

ಆಕೆಗೆ ನೆಮ್ಮದಿ ಬೇಕೆಂದರೆ ಮಾಸ್ತರು ಮನೆಯಲ್ಲಿರಬಾರದು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಮೇಳದವರ ನಾಟ್ಯೋತ್ಸವವೆಂದರೆ ಮಾಸ್ತರಿಗಿಂತ ಮೊದಲು ಆಕೆಯೇ ಅವರ ಚೀಲ ತುಂಬಿಡುತ್ತಾಳೆ. ಅವರು ಬಸ್ ಹತ್ತಿದ ಮೇಲೆ ಮನೆ ಎಷ್ಟು ತಂಪು! ರಾತ್ರಿ ಒಂಬತ್ತಕ್ಕೆ ಆ ತಂಪು ಅತಿಯಾಗಿ ಫೋನ್ ಹೋಗುತ್ತದೆ: ‘ಮಫ್ಲರ್ ಸುತ್ತಿಕೊಂಡಿದ್ರಾ? ಬಿಪಿ ಮಾತ್ರೆ?’ ಅತ್ತ ಮಾಸ್ತರಿಗೂ ಪದ್ಯ ಕಿವಿಗೆ ಬೀಳುತ್ತಿರಲಿಲ್ಲ. ಫೋನ್ ಬಂದ ಮೇಲೇ ಚಂಡೆ ಕೇಳಿಸತೊಡಗಿದ್ದು.

ಭಟ್ಕಳದಲ್ಲಿ ಈ ಮಾಸ್ತರಿಗೆ ಕೊಲ್ಲಿಯಿಂದ ಮರಳಿದ ತಮ್ಮಂದಿರಂಥವರಿದ್ದಾರೆ. ದುಬೈಯಲ್ಲಿ ದುಡಿದು, ರಜೆಗೆ ಬಂದಾಗ ನೆಂಟರಂತೆ ಬಿರಿಯಾನಿ ಉಂಡವರು. ಕಾಯಂ ಬಂದು ಕೂತಾಗ, ಬಾವಿ ಪಂಪು ರಿಪೇರಿಯವನಿಂದ ಹಿಡಿದು ಮನೆ ಕಂದಾಯದ ರಸೀದಿವರೆಗೆ ಎಲ್ಲವೂ ಹೆಂಡತಿಗೇ ಗೊತ್ತು. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದವರಿಗೆ ಎದುರುಬದುರು ಕೂತರೆ ಐದು ನಿಮಿಷಕ್ಕೇ ವಿಷಯ ಖಾಲಿ. ಹೆಂಡತಿ ಮೀನುಪೇಟೆಗೆ ಅಟ್ಟುತ್ತಾಳೆ. ಇವರು ಬಂಗಡೆಯ ದರವನ್ನು ಮನಸ್ಸಿನಲ್ಲೇ ದಿರ್ಹಮ್‌ಗೆ ತಿರುಗಿಸಿ, ಅಗ್ಗವೆಂದು ಹೇಳಿದ ರೇಟಿಗೇ ತರುತ್ತಾರೆ. ಅಲ್ಲಿಂದ ರಾತ್ರಿವರೆಗೆ ಮಾತಿಗೆ ಬರವಿಲ್ಲ.

ನವೆಂಬರ್ ಬಂತೆಂದರೆ ಮಾಸ್ತರು ಬ್ಯಾಂಕಿಗೆ ಹೋಗಿ ತಾವು ಬದುಕಿರುವುದನ್ನು ರುಜುವಾತು ಮಾಡಬೇಕು. ಜೀವಂತ ಪ್ರಮಾಣಪತ್ರ. ಪಿಂಚಣಿ ಕಾಗದ ಯಾವ ಟ್ರಂಕಿನಲ್ಲಿದೆಯೆಂದು ಆಕೆಗೆ ಮಾತ್ರ ಗೊತ್ತಿರುವುದರಿಂದ ಆಕೆಯೂ ಜೊತೆಗೆ. ಎಪ್ಪತ್ತು ದಾಟಿದ ಮಾಸ್ತರಿಗೆ ಆ ಸಾಲಿನಲ್ಲಿ ವೈರಾಗ್ಯ ಬರುತ್ತದೆ.

‘ನಾನು ಹೋದರೂ ನಿನಗೆ ತೊಂದರೆಯಿಲ್ಲ ಮಾರಾಯ್ತಿ. ಕೊನೆಯ ಸಂಬಳದ ಶೇ. 30 ಕುಟುಂಬ ಪಿಂಚಣಿ ಬರುತ್ತದೆ.’

‘ನೀವಿದ್ದರೆ ಎಷ್ಟು?’

‘ಶೇ. 50.’

‘ಮತ್ತೆ ಎಂತಕ್ಕೆ ಹೋಗುವ ಮಾತು? ಇಪ್ಪತ್ತು ನಷ್ಟ. ಸಾಲು ಮುಂದೆ ಹೋಯ್ತು, ನಡೆಯಿರಿ.’

ಮಾಸ್ತರು ಇದನ್ನು ಆ ಸಂಜೆ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಚಾ ಕುಡಿಸಿದರು.