ಒನ್‌ಟೌನಿನ ತಪಸ್ವಿ

ಅರ್ಜುನ ಪಾಶುಪತಕ್ಕಾಗಿ ತಪಸ್ಸಿಗೆ ನಿಂತದ್ದು ತಮ್ಮೂರಿನ ಇಂದ್ರಕೀಲಾದ್ರಿಯ ಮೇಲೆಯೇ ಎಂದು ವಿಜಯವಾಡದವರು ನಂಬುತ್ತಾರೆ. ಅದೇ ಬೆಟ್ಟದ ಬುಡದ ಒನ್‌ಟೌನಿನಲ್ಲಿ, ನನ್ನ ಬಾಡಿಗೆ ಕೋಣೆಯ ಮೂಲೆಯಲ್ಲಿ, 2003ರಲ್ಲಿ ಇನ್ನೊಬ್ಬ ತಪಸ್ಸಿಗೆ ಕೂತಿದ್ದ. ನಾಲ್ಕು ರಬ್ಬರಿನ ಕಾಲು, ಬೂದು ಮೈ. ಹೆಸರು ಸನ್ ಸ್ಪಾರ್ಕ್‌ಸ್ಟೇಷನ್ 5, ಹಳೆಯ ಕಂಪ್ಯೂಟರು.

ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು. ಗುಜರಿಯವನು ಒಳಗೆ ತಾಮ್ರ ಎಷ್ಟಿದೆಯೆಂದು ಲೆಕ್ಕ ಹಾಕುತ್ತಿದ್ದ, ನಾನು ಅದನ್ನು ನಡೆಸುವ ಸೊಲಾರಿಸ್ ತಂತ್ರಾಂಶ ಉಳಿದಿದೆಯೋ ಎಂದು. ಮನೆಗೆ ತಂದು ಸ್ವಿಚ್ ಹಾಕಿದರೆ, 'ನಾನು ಯಾರೆಂದು ನನಗೇ ಗೊತ್ತಿಲ್ಲ' ಎಂಬರ್ಥದ ಮಾತು ಪರದೆಯ ಮೇಲೆ ಬಂತು. ಈ ಯಂತ್ರಗಳ ಹೋಸ್ಟ್‌ಐಡಿ, ಈಥರ್ನೆಟ್ ವಿಳಾಸ, ಗಡಿಯಾರ ಎಲ್ಲವೂ ಇರುವುದು ಬ್ಯಾಟರಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಒಂದು ಚಿಪ್ಪಿನಲ್ಲಿ. ಬ್ಯಾಟರಿ ಸತ್ತರೆ ಪೂರ್ವಾಶ್ರಮ ಪೂರ್ತಿ ಮರೆವು. ಸನ್ಯಾಸಕ್ಕೆ ಇದಕ್ಕಿಂತ ಅರ್ಹರು ಸಿಗುತ್ತಾರೆಯೇ? ಆರಿಸಿ ಹೊತ್ತಿಸಿದಾಗಲೆಲ್ಲ ನಾನೇ ಕೂತು, ಅಂಕಿ ಅಕ್ಷರ ಬೆರೆಸಿ, ಹೊಸದಾಗಿ ನಾಮಕರಣ ಮಾಡಬೇಕಿತ್ತು.

ತಪಸ್ಸು ಸೆಟಿ ಅಟ್ ಹೋಮ್‌ನದು. ಬರ್ಕ್ಲಿಯ ವಿಶ್ವವಿದ್ಯಾಲಯ 1999ರ ಮೇ 17ರಂದು ಶುರುಮಾಡಿದ್ದು. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕ (ಪಾಪ, 2020ರಲ್ಲಿ ಕುಸಿದುಬಿತ್ತು) ಆಕಾಶಕ್ಕೆ ಕಿವಿಗೊಟ್ಟು ಹಿಡಿದ ಗೊರಗೊರವನ್ನು ತುಂಡುಮಾಡಿ ಲೋಕದ ಮೇಲಿನ ಖಾಲಿ ಕೂತ ಕಂಪ್ಯೂಟರುಗಳಿಗೆಲ್ಲ ಹಂಚುತ್ತಿದ್ದರು. ಒಂದು ತುಂಡೆಂದರೆ 107 ಸೆಕೆಂಡಿನ ಸದ್ದು, ಸುಮಾರು 340 ಕಿಲೋಬೈಟು. ಅದರೊಳಗೆ ಅನ್ಯಲೋಕದವರು ಯಾರಾದರೂ 'ಓಯ್' ಎಂದಿದ್ದಾರೋ ಎಂದು ಸೋಸಿ ನೋಡುವುದು ನಮ್ಮ ಕೆಲಸ. ವಿಂಡೋಸಿನವರ ಪರದೆಯ ಮೇಲೆ ಬಣ್ಣದ ಗುಡ್ಡಗಳು ಕುಣಿಯುತ್ತಿದ್ದವು. ನಮ್ಮ ಯೂನಿಕ್ಸಿನ ಕಮಾಂಡ್‌ಲೈನಿಗೆ ವೇಷವಿಲ್ಲ, ಕುಣಿತವಿಲ್ಲ, ಶುದ್ಧ ತಾಳಮದ್ದಳೆ. ಆ 107 ಸೆಕೆಂಡನ್ನು ಕೇಳಿ ಮುಗಿಸಲು ನನ್ನ ಸ್ಪಾರ್ಕಿಗೆ ಎರಡು ಹಗಲು ಎರಡು ರಾತ್ರಿಯೂ ಸಾಲುತ್ತಿರಲಿಲ್ಲ.

ಕೋಣೆಯಲ್ಲಿ ಫೋನಿರಲಿಲ್ಲ. ಬೆಸೆಂಟ್ ರೋಡಿನ ಸೈಬರ್ ಕೆಫೆಯಿಂದ ಫ್ಲಾಪಿಯಲ್ಲಿ ಆಕಾಶ ತರುತ್ತಿದ್ದೆ: ಜೇಬಿನಲ್ಲಿ ನಕ್ಷತ್ರ, ಕೈಯಲ್ಲಿ ಗೋಂಗೂರದ ಕಟ್ಟು. ನನ್ನ ಸನ್ನಿನ ಡ್ರೈವಿಗೆ ಫ್ಲಾಪಿ ಹೊರಹಾಕುವ ಗುಂಡಿಯೇ ಇರಲಿಲ್ಲ. 'ಇಜೆಕ್ಟ್' ಎಂದು ಟೈಪು ಮಾಡಿ ಬೇಡಿಕೊಳ್ಳಬೇಕು. ಪ್ರಸನ್ನವಾಗದಿದ್ದರೆ ಪಿನ್ನು ಹಾಕಿ ಚುಚ್ಚಬೇಕು.

ಮನೆಯೊಡತಿ ಒಂದು ರಾತ್ರಿ ಫ್ಯಾನಿನ ಸದ್ದಿಗೆ ಎದ್ದು ಬಂದರು.

"ಏನು ಬಾಬು, ಇನ್ನೂ ಕೆಲಸವಾ?"

"ನಾನಲ್ಲಮ್ಮ, ಅದು ಮಾಡ್ತಿದೆ."

"ಯಾರ ಕೆಲಸ?"

"ಅಮೆರಿಕದವರದು."

"ಸಂಬಳ ಎಷ್ಟು?"

"ಇಲ್ಲಮ್ಮ."

"ಕರೆಂಟು?"

"ನಂದೇ."

ಅವರು ಬಾಗಿಲಲ್ಲೇ ನಿಂತು ನನ್ನನ್ನು ತುಂಬ ಹೊತ್ತು ನೋಡಿದರು. ಬೆಟ್ಟದಮ್ಮನಿಗೆ ಕೆಂಪುಟ್ಟು ಭವಾನಿ ದೀಕ್ಷೆ ಹಿಡಿದವರೂ 41 ದಿನಕ್ಕೆ ಮಾಲೆ ಬಿಚ್ಚುತ್ತಾರೆ ಎಂದಷ್ಟೇ ಹೇಳಿ ಮಲಗಲು ಹೋದರು.

ಯಕ್ಷಗಾನದಲ್ಲಿ ಅರ್ಜುನನ ತಪಸ್ಸು ಕೆಡಿಸಲು ಮೂಕಾಸುರ ಹಂದಿಯಾಗಿ ಬರುತ್ತಾನೆ. ನಮ್ಮಲ್ಲಿ ಮೇ ತಿಂಗಳಿಡೀ ಕರೆಂಟ್ ಕಟ್ ಆಗಿ ಬರುತ್ತಿದ್ದ. ವಿಜಯವಾಡದ ಬಿಸಿಲಿನಲ್ಲಿ ನನ್ನ ಫ್ಯಾನು ನಿಂತರೆ ನಾನು ಶಪಿಸುತ್ತಿದ್ದೆ. ಸ್ಪಾರ್ಕು ಮಾತ್ರ ನಿರ್ವಿಕಾರ. ಎಲ್ಲಿಯವರೆಗೆ ಕೇಳಿದ್ದೆ ಎಂಬುದನ್ನು ಆಗಾಗ ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಕರೆಂಟು ಬಂದು ಮತ್ತೆ ನಾಮಕರಣ ಮುಗಿಸಿ ಕೂರಿಸಿದರೆ ಸರಿ, ಹೆಸರು ಮರೆತರೂ ಜಪದ ಲೆಕ್ಕ ಮರೆಯುತ್ತಿರಲಿಲ್ಲ.

ಮಳೆಗಾಲಕ್ಕೆ ಮನೆಯೊಡತಿ ನಿಲುವು ಬದಲಿಸಿದರು. ಪೆಟ್ಟಿಗೆಯ ನೆತ್ತಿ ರಾತ್ರಿಯಿಡೀ ಬೆಚ್ಚಗಿರುವುದು ಅವರ ಕೈಗೆ ತಾಗಿತ್ತು. ಮಹಡಿಯ ಮೇಲೆ ಒಣಗಿಸಿದರೆ ಮಳೆ, ಮಳೆಯಿಲ್ಲದಿದ್ದರೆ ಕೋತಿ. ವಡಿಯಾಲು ಹರಡಿದ ತಟ್ಟೆ ನನ್ನ ತಪಸ್ವಿಯ ತಲೆಯೇರಿತು. ಬೂದುಗುಂಬಳದ ಸಂಡಿಗೆ ಅಷ್ಟು ಗರಿಗರಿಯಾಗಿ ನಮ್ಮ ಕರಾವಳಿಯಲ್ಲೂ ನಾನು ತಿಂದಿಲ್ಲ.

2005ರ ಡಿಸೆಂಬರ್ 15ಕ್ಕೆ ಬರ್ಕ್ಲಿಯವರು ಹಳೆಯ ಸೆಟಿಯನ್ನು ಮುಚ್ಚಿ, ಎಲ್ಲರೂ ಬೋಯಿಂಕ್ ಎಂಬ ಹೊಸ ವ್ಯವಸ್ಥೆಗೆ ಬನ್ನಿ ಎಂದರು. ನನ್ನ ಮುದುಕನಿಗೆ ಆ ವಯಸ್ಸಲ್ಲ. ಯಾರೂ 'ಓಯ್' ಎಂದಿರಲಿಲ್ಲ. ಸ್ವಿಚ್ ಆರಿಸಿದೆ. ಮಾರನೆಯ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಮನೆಯೊಡತಿ ಮೆತ್ತಗೇ ಉಳಿದ ವಡಿಯಾಲಿನ ತಟ್ಟೆ ಹಿಡಿದು ನಿಂತಿದ್ದರು.

"ಏನು ಬಾಬು, ನಿನ್ನೆ ಅಮೆರಿಕದವರು ಕೆಲಸ ಕೊಡಲಿಲ್ವಾ?"