ನೋಡಲ್ ಮೇಷ್ಟ್ರು

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕಾಯಂ ಪ್ರಾಂಶುಪಾಲರು ಇಲ್ಲದಿರಬಹುದು, ಪ್ರಭಾರದಲ್ಲೇ ವರ್ಷಗಳು ಉರುಳುತ್ತವೆ. ಲೈಬ್ರೇರಿಯನ್ ಇಲ್ಲದಿರಬಹುದು, ಲೈಬ್ರರಿಗೆ ಬೀಗ ಹಾಕಿದರಾಯಿತು. ಆದರೆ ನೋಡಲ್ ಮೇಷ್ಟ್ರಿಲ್ಲದ ಕಾಲೇಜನ್ನು ಯಾರಾದರೂ ಕಂಡಿದ್ದರೆ ಹೇಳಲಿ. ಇಲಾಖೆಯಿಂದ ಸುತ್ತೋಲೆ ಬಂತೆಂದರೆ ಅದರ ಕೊನೆಯಲ್ಲಿ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂಬ ಸಾಲು ಇದ್ದೇ ಇರುತ್ತದೆ. ಪ್ರಾಂಶುಪಾಲರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸುತ್ತಾರೆ. ಒಬ್ಬರಿಗೆ ಮೌಲ್ಯಮಾಪನದ ಡ್ಯೂಟಿ, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಆಗಲೇ ಬಸ್ಸಿನ ಹೊತ್ತಾಗಿದೆ. ಕೊನೆಗೆ ಉಳಿಯುವುದು, ‘ಕೊಡಿ ಸಾರ್, ಇದನ್ನೂ ನಾನೇ ನೋಡ್ಕೋತೀನಿ’ ಎನ್ನುವ ಒಬ್ಬರು. ಅವರೇ ಇವರು.

ದೂರದಿಂದಲೇ ಗುರುತು ಹಿಡಿಯಬಹುದು. ಕುತ್ತಿಗೆಯಲ್ಲಿ ಪೆನ್‌ಡ್ರೈವ್, ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಕಂಕುಳಲ್ಲಿ ದಾರ ಕಟ್ಟಿದ ಫೈಲು, ಕೈಯಲ್ಲಿ ಸದಾ ಚಾರ್ಜಿಂಗ್ ವೈರ್ ಸಮೇತವಾದ ಮೊಬೈಲು. ನ್ಯಾಕ್, ಎನ್‌ಎಸ್‌ಎಸ್, ಪ್ಲೇಸ್‌ಮೆಂಟ್ ಸೆಲ್, ಸ್ಕಾಲರ್‌ಶಿಪ್, ರೆಡ್‌ಕ್ರಾಸ್, ಮತದಾರರ ಜಾಗೃತಿ ಎಲ್ಲಕ್ಕೂ ಇವರೇ ನೋಡಲ್. ಮೂಲತಃ ಅವರು ಅರ್ಥಶಾಸ್ತ್ರದ ಮೇಷ್ಟ್ರು. ಇದು ಸೇವಾ ಪುಸ್ತಕದಲ್ಲಿ ದಾಖಲಾಗಿದೆ. ತರಗತಿಯಲ್ಲಿ ಅದಕ್ಕೆ ಪುರಾವೆ ಸಿಗುವುದು ಕಷ್ಟ. ಅವರ ಪೀರಿಯಡ್ಡನ್ನು ಅತಿಥಿ ಉಪನ್ಯಾಸಕರು ತೆಗೆದುಕೊಳ್ಳುತ್ತಾರೆ. ಅತಿಥಿಗಳ ಸಂಬಳ ತಿಂಗಳುಗಟ್ಟಲೆ ಬಾರದಿದ್ದಾಗ ಅದನ್ನು ವಿಚಾರಿಸಲು ಹೋಗುವವರೂ ನೋಡಲ್ ಮೇಷ್ಟ್ರೇ.

2021ರ ಆಗಸ್ಟಿನಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಪದವಿ ಕಾಲೇಜುಗಳಲ್ಲಿ ಜಾರಿಗೆ ತಂದಿತು. ದೇಶದಲ್ಲೇ ನಾವು ಮೊದಲಿಗರು ಎಂದು ವಿಧಾನಸೌಧ ಸಂಭ್ರಮಿಸಿತು. ಆದೇಶ ಕೈಗೆ ಬಂದ ದಿನ ಮೇಷ್ಟ್ರ ಮುಖದಲ್ಲಿ ಮದುವಣಿಗನ ಕಳೆ. ಡಿಎಸ್‌ಸಿ, ಒಇ, ಎಸ್‌ಇಸಿ, ಎಇಸಿಸಿ ಎಂದು ಅವರು ನಿಂತಲ್ಲಿ ಕೂತಲ್ಲಿ ಜಪಿಸತೊಡಗಿದರು. ಇಷ್ಟೂ ದಿನ ಮೂರು ಐಚ್ಛಿಕ ವಿಷಯ ಓದುತ್ತಿದ್ದ ಬಿಎಸ್‌ಸಿ, ಬಿಎ ಮಕ್ಕಳಿಗೆ ಇನ್ನು ಮುಂದೆ ಎರಡೇ. ಮೂರನೆಯ ವಿಷಯದ ಮೇಷ್ಟ್ರು, ‘ಹಾಗಾದ್ರೆ ನಾನು?’ ಎಂದರು. ‘ಓಪನ್ ಎಲೆಕ್ಟಿವ್ ತಗೊಳ್ಳಿ ಸಾರ್’ ಎಂದು ಇವರು ಧೈರ್ಯ ತುಂಬಿದರು.

ಓಪನ್ ಎಲೆಕ್ಟಿವ್ ಎಂದರೆ ವಿದ್ಯಾರ್ಥಿ ತನ್ನ ವಿಭಾಗದ ಆಚೆಗಿನ ಒಂದು ವಿಷಯವನ್ನು ಮನಸ್ಸಿಗೆ ಬಂದಂತೆ ಆರಿಸಿಕೊಳ್ಳುವುದು. ಕಾಮರ್ಸ್ ಹುಡುಗ ಇತಿಹಾಸ ಓದಬಹುದು, ಇತಿಹಾಸದ ಹುಡುಗಿ ಪೋಷಣಾ ವಿಜ್ಞಾನ ಓದಬಹುದು. ವಿಶ್ವವಿದ್ಯಾಲಯದ ಪಟ್ಟಿ ಪುಟಗಟ್ಟಲೆ ಇತ್ತು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಮಾತ್ರ ಒಂದೇ ಒಂದು ವಿಷಯ, ಅದರ ಕೆಳಗೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ, ‘ವಿದ್ಯಾರ್ಥಿಗಳು ತಮಗೆ ಇಷ್ಟವಾದ ವಿಷಯವನ್ನು ಇಂದು ಸಂಜೆಯೊಳಗೆ ಆಯ್ಕೆ ಮಾಡಿಕೊಳ್ಳುವುದು’. ಮಕ್ಕಳು ಬುದ್ಧಿವಂತರು. ಎಲ್ಲರೂ ಅದನ್ನೇ ಇಷ್ಟಪಟ್ಟರು.

ಹೊಸ ನೀತಿಯ ದೊಡ್ಡ ಆಕರ್ಷಣೆ ಮಧ್ಯದಲ್ಲಿ ಬಿಟ್ಟುಹೋಗುವ ಸೌಲಭ್ಯ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಪೋಷಕರ ಸಭೆಯಲ್ಲಿ ಮೇಷ್ಟ್ರು ಇದನ್ನು ಸರಳವಾಗಿ ವಿವರಿಸಿದರು: ‘ಬಸ್ಸಿದ್ದಂಗೆ ಕಣ್ರಪ್ಪಾ. ಯಾವ ಸ್ಟಾಪಲ್ಲಿ ಬೇಕಾದ್ರೂ ಇಳೀಬಹುದು, ಮತ್ತೆ ಬಂದು ಹತ್ತಬಹುದು.’

ಹಿಂದಿನ ಸಾಲಿನಿಂದ ಟವೆಲು ಹೆಗಲಿಗೇರಿಸಿದ ಒಬ್ಬ ರೈತರು ಎದ್ದು ನಿಂತರು. ‘ನಮ್ಮೂರಿಗೆ ಬರೋದು ಒಂದೇ ಬಸ್ಸು ಸಾ. ಇಳುದ್ರೆ ಮತ್ತೆ ಸಿಕ್ಕಾಕಿಲ್ಲ. ನಮ್ ಹುಡುಗಂಗೆ ಈ ಇಳಿಯೋ ಇಸ್ಯ ಮಾತ್ರ ಹೇಳ್ಕೊಡಬ್ಯಾಡಿ.’

ಇಡೀ ನೀತಿಯ ಮೇಲೆ ಇದಕ್ಕಿಂತ ಗಟ್ಟಿ ವಿಮರ್ಶೆ ಬಂದದ್ದು ಕಡಿಮೆ. ಮೇಷ್ಟ್ರು ಅದನ್ನು ಫೀಡ್‌ಬ್ಯಾಕ್ ಫಾರ್ಮಿನಲ್ಲಿ ‘ಪೋಷಕರು ಸಂತಸ ವ್ಯಕ್ತಪಡಿಸಿದರು’ ಎಂದು ದಾಖಲಿಸಿದರು.

ಮೊದಲ ವರ್ಷದ ಮಕ್ಕಳ ಮೇಲೆ ಪಠ್ಯಕ್ರಮ ರೂಪಿಸುವವರಿಗೆ ಎಲ್ಲಿಲ್ಲದ ಅಕ್ಕರೆ. ಕಾಲೇಜಿಗೆ ಕಾಲಿಟ್ಟ ಮಗು ಗಾಬರಿಯಾಗಬಾರದೆಂದು ಯುಜಿಸಿ ‘ದೀಕ್ಷಾರಂಭ’ ಎಂಬ ಕಾರ್ಯಕ್ರಮವನ್ನೇ ಮಾಡಿದೆ. ಹೊಸಬರು ಕ್ಯಾಂಪಸ್ಸಿಗೆ ಹೊಂದಿಕೊಳ್ಳಬೇಕು, ಮೇಷ್ಟ್ರುಗಳ ಪರಿಚಯವಾಗಬೇಕು, ಹಿರಿಯ ವಿದ್ಯಾರ್ಥಿಗಳ ಸ್ನೇಹವಾಗಬೇಕು ಎಂಬುದು ಅದರ ಆಶಯ. ಮೇಷ್ಟ್ರು ಅದನ್ನು ಅಚ್ಚುಕಟ್ಟಾಗಿ ನಡೆಸಿಕೊಟ್ಟರು. ನಾಡಗೀತೆ, ಗಿಡಕ್ಕೆ ನೀರೆರೆಯುವ ಉದ್ಘಾಟನೆ, ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ. ಸ್ವಾಗತ ಭಾಷಣ ಮುಗಿಯುವಾಗ ಹನ್ನೆರಡು ಗಂಟೆ. ಅಧ್ಯಕ್ಷರ ನುಡಿ ಮುಗಿಯುವಾಗ ಊಟದ ಹೊತ್ತು. ಮಕ್ಕಳಿಗೆ ತಾಲ್ಲೂಕಿನ ಗಣ್ಯರೆಲ್ಲರ ಪರಿಚಯವಾಯಿತು. ಶೌಚಾಲಯ ಎಲ್ಲಿದೆ ಎಂಬುದನ್ನು ಅವರೇ ಹುಡುಕಿಕೊಂಡರು.

ನೌಕರಿಗೆ ಸಿದ್ಧಪಡಿಸುವುದೂ ಮೊದಲ ವರ್ಷದಿಂದಲೇ ಶುರು. ಅದಕ್ಕೆಂದೇ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪೇಪರ್ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಇಂಟರ್ನೆಟ್ ಆಫ್ ಥಿಂಗ್ಸ್, ಕ್ಲೌಡ್, ಸೈಬರ್ ಭದ್ರತೆ ಎಲ್ಲವೂ ಅದರಲ್ಲಿದ್ದವು. ಇಲ್ಲದ್ದು ಕೆಲಸ ಮಾಡುವ ಕಂಪ್ಯೂಟರ್ ಮಾತ್ರ. ಲ್ಯಾಬಿನಲ್ಲಿ ಇದ್ದವುಗಳಲ್ಲಿ ಅರ್ಧ ಆನ್ ಆಗುತ್ತಿರಲಿಲ್ಲ, ಇನ್ನರ್ಧ ಆಫ್ ಆಗುತ್ತಿರಲಿಲ್ಲ. ಮೇಷ್ಟ್ರು ಎದೆಗುಂದಲಿಲ್ಲ. ಚಾಕ್‌ಪೀಸ್ ಹಿಡಿದು ಕರಿಹಲಗೆಯ ಮೇಲೆ ಮೌಸ್ ಬರೆದರು, ಅದಕ್ಕೊಂದು ಬಾಲ ಬರೆದರು, ಎಡಗಿವಿ ಒತ್ತಿದರೆ ಏನಾಗುತ್ತದೆ, ಬಲಗಿವಿ ಒತ್ತಿದರೆ ಏನಾಗುತ್ತದೆ ಎಂದು ವಿವರಿಸಿದರು. ಕೆಳಗೆ ಕೂತ ಮಕ್ಕಳು ಡೆಸ್ಕಿನ ಅಡಿಯಲ್ಲಿ ಮೊಬೈಲ್ ಹಿಡಿದು ರೀಲ್ಸ್ ಎಡಿಟ್ ಮಾಡುತ್ತಾ ಅದನ್ನು ಶ್ರದ್ಧೆಯಿಂದ ನೋಟ್ಸ್ ಮಾಡಿಕೊಂಡರು.

‘ನೀವೆಲ್ಲ ಇಂಡಸ್ಟ್ರಿ ರೆಡಿ ಆಗಬೇಕು’ ಎನ್ನುವುದು ಮೇಷ್ಟ್ರ ಮೆಚ್ಚಿನ ಮಾತು. ಆ ತಾಲ್ಲೂಕಿನ ಇಂಡಸ್ಟ್ರಿ ಎಂದರೆ ಎರಡು ರೈಸ್ ಮಿಲ್ಲು, ಒಂದು ಪೆಟ್ರೋಲ್ ಬಂಕು, ಹೊಳೆದಂಡೆಯ ಇಟ್ಟಿಗೆ ಗೂಡು. ಇಂಟರ್ನ್‌ಶಿಪ್ ಬಂದಾಗ ಹುಡುಗರು ಮಾವನ ಮೊಬೈಲ್ ಅಂಗಡಿಯಿಂದಲೂ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಿಂದಲೂ ಸರ್ಟಿಫಿಕೇಟ್ ತಂದರು. ಮೇಷ್ಟ್ರು ಎಲ್ಲಕ್ಕೂ ಸೀಲ್ ಒತ್ತಿದರು. ರೆಸ್ಯೂಮೆ ಬರೆಯುವ ಕಾರ್ಯಾಗಾರವೂ ಆಯಿತು. ಒಬ್ಬಳು ಚೆನ್ನಾಗಿ ಬರೆದಳು, ಉಳಿದವರು ಹೆಸರು ಬದಲಾಯಿಸಿಕೊಂಡರು. ಹೆಸರು ಬದಲಾಯಿಸಲು ಮರೆತವರೂ ಇದ್ದರು. ಜಿಲ್ಲಾ ಉದ್ಯೋಗ ಮೇಳದಲ್ಲಿ ಒಂದೇ ಹುಡುಗಿಯ ಹೆಸರಿನ ರೆಸ್ಯೂಮೆ ಹಿಡಿದು ನಾಲ್ಕು ಹುಡುಗರು ಸಂದರ್ಶನಕ್ಕೆ ಬಂದು ಕೂತರಂತೆ. ಅಷ್ಟಕ್ಕೂ ತರಗತಿಯಲ್ಲಿ ಯಾರನ್ನು ಕೇಳಿದರೂ ಮನಸ್ಸಿರುವುದು ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಗಳ ಮೇಲೆ.

ಇಷ್ಟರಲ್ಲಿ ಸರ್ಕಾರ ಬದಲಾಯಿತು. 2023ರ ಅಕ್ಟೋಬರಿನಲ್ಲಿ ಯುಜಿಸಿಯ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿ ಹಿಡಿದು 2024ರ ಮೇ ತಿಂಗಳಲ್ಲಿ ಆದೇಶ ಹೊರಬಿತ್ತು: ನಾಲ್ಕು ವರ್ಷದ ಪದವಿ ರದ್ದು, ಮತ್ತೆ ಮೂರು ವರ್ಷ, ಮತ್ತೆ ಮೂರು ಐಚ್ಛಿಕ ವಿಷಯ. ಮೇಷ್ಟ್ರು ಒಂದು ರಾತ್ರಿ ನಿದ್ದೆಗೆಟ್ಟರು. ಬೆಳಗ್ಗೆ ಎದ್ದು ಕಾಲೇಜಿನ ಉಗ್ರಾಣದಿಂದ ‘ಎನ್‌ಇಪಿ ಜಾಗೃತಿ ಕಾರ್ಯಾಗಾರ’ ಎಂಬ ಹಳೆಯ ಫ್ಲೆಕ್ಸನ್ನು ಹೊರತೆಗೆದು ಧೂಳು ಕೊಡವಿದರು. ಬಿಳಿ ಹಾಳೆಯ ಮೇಲೆ ‘ಸ್’ ಎಂದು ದಪ್ಪಗೆ ಬರೆದು ‘ನ್’ ಇದ್ದ ಜಾಗಕ್ಕೆ ಅಂಟಿಸಿದರು. ಎಸ್‌ಇಪಿ ಜಾಗೃತಿ ಕಾರ್ಯಾಗಾರ ಸಿದ್ಧವಾಯಿತು. ಖರ್ಚು ಒಂದು ಫೆವಿಸ್ಟಿಕ್. ಉದ್ಘಾಟನಾ ಭಾಷಣಕ್ಕೆ ಅಷ್ಟೂ ಖರ್ಚಾಗಲಿಲ್ಲ. ‘ಇದು ವಿದ್ಯಾರ್ಥಿ ಕೇಂದ್ರಿತ ನೀತಿ, ಇದು ಕ್ರಾಂತಿಕಾರಿ ಹೆಜ್ಜೆ’ ಎಂಬ 2021ರ ಭಾಷಣವೇ ಒಂದಕ್ಷರವೂ ಬದಲಾಗದೆ ಮತ್ತೆ ನಡೆಯಿತು, ಅಷ್ಟೇ ಚಪ್ಪಾಳೆಯೂ ಬಿತ್ತು.

ಆ ಜೂನಿನಲ್ಲಿ ಅಡ್ಮಿಷನ್ ಕೌಂಟರ್ ಮುಂದೆ ಒಬ್ಬ ತಾಯಿ ಬಂದರು.

‘ಮೇಷ್ಟ್ರೇ, ಡಿಗ್ರಿ ಮೂರು ವರ್ಷವೋ ನಾಕು ವರ್ಷವೋ?’

‘ಯಾವಾಗ ಸೇರಿದ್ದಮ್ಮಾ?’

‘ಮಗ ಹೋದ ವರ್ಷ. ಮಗಳನ್ನ ಈಗ ಸೇರಿಸ್ತಾ ಇದೀನಿ.’

‘ಹಾಗಾದ್ರೆ ಮಗಂಗೆ ಮೂರು ವರ್ಷಕ್ಕೆ ಡಿಗ್ರಿ, ಇಷ್ಟ ಇದ್ರೆ ನಾಲ್ಕನೇ ವರ್ಷಾನೂ ಓದಬಹುದು. ಮಗಳಿಗೆ ಮೂರೇ.’

‘ಅವನಿಗಿಂತ ಇವಳೇ ಬುದ್ಧಿವಂತೆ, ಸಾರ್!’

‘ಬುದ್ಧಿ ಅಲ್ಲಮ್ಮಾ, ಬ್ಯಾಚು.’

ಅಲ್ಲಿಂದಾಚೆಗೆ ಮೇಷ್ಟ್ರ ಕಪಾಟಿನಲ್ಲಿ ಎರಡು ನೀತಿಗಳು ಅಕ್ಕಪಕ್ಕದಲ್ಲಿ ಸಂಸಾರ ಮಾಡಿದವು. ಮೊದಲ ವರ್ಷದ ಕೋಣೆಯಲ್ಲಿ ಎಸ್‌ಇಪಿ, ಗೋಡೆಯಾಚೆ ಎರಡನೆಯ ವರ್ಷದ ಕೋಣೆಯಲ್ಲಿ ಎನ್‌ಇಪಿ. ಫೇಲಾದವರ ಕಥೆ ಬೇರೆ. ಹಳೆಯ ಸಿಲಬಸ್ಸಿನಲ್ಲಿ ಬಾಕಿ ಉಳಿಸಿಕೊಂಡವನಿಗೆ ಪಾಠ ಮಾಡುವವರಿರಲಿಲ್ಲ, ಪುಸ್ತಕವೂ ಇರಲಿಲ್ಲ, ಪರೀಕ್ಷೆ ಮಾತ್ರ ತಪ್ಪದೆ ಬಂತು. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಯುಯುಸಿಎಂಎಸ್ ಎಂಬ ಪೋರ್ಟಲಿನ ಮೂಲಕವೇ ಆಗಬೇಕು. ಅದರ ಸರ್ವರಿಗೆ ಹಗಲು ನಿದ್ದೆ. ರಾತ್ರಿ ಹನ್ನೊಂದರ ನಂತರ ಅದು ಎಚ್ಚರವಾಗುತ್ತದೆಂದು ಕಂಡುಹಿಡಿದವರು ನಮ್ಮ ಮೇಷ್ಟ್ರೇ.

ಇದಕ್ಕೂ ಮುಂಚೆ, 2023ರ ಕೊನೆಯಲ್ಲಿ ಯುವನಿಧಿ ಯೋಜನೆಯ ನೋಂದಣಿ ಶುರುವಾಯಿತು. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅದಕ್ಕೂ ಮೇಷ್ಟ್ರೇ ಮುಂದಾಗಿ ಮಾಹಿತಿ ಶಿಬಿರ ಏರ್ಪಡಿಸಿದರು. ಉದ್ಯೋಗ ಕೌಶಲ್ಯದ ಕಾರ್ಯಾಗಾರಕ್ಕೆ ಕರೆದರೂ ಬಾರದಿದ್ದ ಹುಡುಗರು ನಿರುದ್ಯೋಗ ಭತ್ಯೆಯ ಶಿಬಿರಕ್ಕೆ ಕುರ್ಚಿ ಸಾಲದಷ್ಟು ಬಂದರು. ಪ್ಲೇಸ್‌ಮೆಂಟ್ ಸೆಲ್ಲಿನ ಇತಿಹಾಸದಲ್ಲೇ ಅದು ಅತ್ಯಂತ ಯಶಸ್ವಿ ಕಾರ್ಯಕ್ರಮ ಎಂದು ಮೇಷ್ಟ್ರು ವರದಿ ಬರೆದರು. ಜೊತೆಗೆ ಜಿಯೋಟ್ಯಾಗ್ ಫೋಟೋ.

ಇವರನ್ನು ನೋಡಿ ನಗುವುದು ಸುಲಭ. ಸ್ಟಾಫ್ ರೂಮಿನಲ್ಲಿ ದಿನವೂ ನಗುತ್ತಾರೆ. ಆದರೆ ಮಧ್ಯಾಹ್ನ ಮೂರರ ಮೇಲೆ ಕಾಲೇಜಿನ ಪಡಸಾಲೆಗೆ ಬಂದು ನೋಡಬೇಕು. ಗೋಡೆಗೆ ಒರಗಿಸಿದ ಹಳೆಯ ಬೆಂಚಿನ ಮೇಲೆ ಮೇಷ್ಟ್ರು, ಸುತ್ತ ಮೊದಲ ವರ್ಷದ ಮಕ್ಕಳು. ಒಬ್ಬನ ಆಧಾರಿನಲ್ಲಿ ಇನಿಷಿಯಲ್ ಮುಂದಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದಿದೆ. ಆ ಒಂದು ಅಕ್ಷರಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಅವನ ವಿದ್ಯಾರ್ಥಿವೇತನವನ್ನು ತಡೆಹಿಡಿದಿದೆ. ಒಬ್ಬಳ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ. ಹುಡುಗಿಯರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸಿದೆ, ಹುಡುಗರಿಗೆ ಪಾಸು ಬೇಕು, ಪಾಸಿಗೆ ಸೇವಾಸಿಂಧು ಅರ್ಜಿ ಬೇಕು, ಅರ್ಜಿಗೆ ಓಟಿಪಿ ಬೇಕು, ಓಟಿಪಿ ಬರುವ ಮೊಬೈಲು ಹೊಲದಲ್ಲಿರುವ ಅಪ್ಪನ ಜೇಬಿನಲ್ಲಿದೆ. ಮೇಷ್ಟ್ರು ಫೋನ್ ಮಾಡಿ, ‘ಯಜಮಾನ್ರೇ, ಮೆಸೇಜಲ್ಲಿ ಆರು ನಂಬರ್ ಬಂದಿರುತ್ತೆ, ಒಂದೊಂದೇ ಹೇಳಿ’ ಎನ್ನುತ್ತಾರೆ. ಆ ಕಡೆಯಿಂದ ನಂಬರಿನ ಜೊತೆಗೆ ಎತ್ತುಗಳಿಗೆ ಹಾಕಿದ ಗದರಿಕೆಯೂ ಕೇಳುತ್ತದೆ.

ಅಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಅವರ ಬೆರಳು ಒಂದು ಹೆಸರಿನ ಮುಂದೆ ನಿಲ್ಲುತ್ತದೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಿಕಾಂ ಸೇರಿದ ಹುಡುಗಿ, ವಾರದಿಂದ ಬಂದಿಲ್ಲ. ಮನೆಗೆ ಫೋನ್ ಹೋಗುತ್ತದೆ. ‘ರಾಗಿ ಕುಯ್ಲು ಸಾರ್’ ಎನ್ನುತ್ತಾರೆ ತಾಯಿ. ‘ಕುಯ್ಲು ಮುಗೀಲಮ್ಮಾ, ಸೋಮವಾರ ಕಳಿಸಿ. ಇಂಗ್ಲಿಷ್ ಅರ್ಥ ಆಗ್ತಿಲ್ಲ ಅಂತ ಹೆದರಿದ್ರೆ ಕನ್ನಡದ ನೋಟ್ಸ್ ನಾನು ಕೊಡ್ತೀನಿ ಅಂತ ಹೇಳಿ.’ ಸೋಮವಾರ ಹುಡುಗಿ ಬರುತ್ತಾಳೆ. ಮೊದಲ ವರ್ಷದ ವಿದ್ಯಾರ್ಥಿಗೆ ನೆರವು ಎಂದು ನೀತಿಗಳು ಪುಟಗಟ್ಟಲೆ ಬರೆದದ್ದು ನಡೆಯುವುದು ಈ ಬೆಂಚಿನ ಮೇಲೆ. ಇದಕ್ಕೆ ಕ್ರೆಡಿಟ್ ಇಲ್ಲ, ಫ್ಲೆಕ್ಸ್ ಇಲ್ಲ, ಯಾವ ಫೈಲಿನಲ್ಲೂ ಕಾಲಂ ಇಲ್ಲ. ಮೇಷ್ಟ್ರಿಗೂ ಇದು ಸಾಧನೆ ಎನಿಸಿಲ್ಲ. ವಾರ್ಷಿಕ ವರದಿಯಲ್ಲಿ ಅವರು ಬರೆಯುವುದು ಕಾರ್ಯಾಗಾರಗಳ ಬಗ್ಗೆಯೇ.

ಥೋರಟ್ ಆಯೋಗದ ಅಂತಿಮ ವರದಿ 2025ರ ಆಗಸ್ಟಿನಲ್ಲಿ ಸರ್ಕಾರದ ಕೈಸೇರಿದೆ. ಮೇಷ್ಟ್ರು ಮುನ್ನೆಚ್ಚರಿಕೆಯಾಗಿ ಹೊಸ ಫೈಲ್ ಕವರುಗಳನ್ನು ತಂದಿಟ್ಟುಕೊಂಡಿದ್ದಾರೆ.

ನಿಮ್ಮ ಮನೆಯ ಮಗು ಈ ಸಲ ಡಿಗ್ರಿಗೆ ಸೇರುವುದಿದ್ದರೆ ಮೇಷ್ಟ್ರನ್ನು ಸಿಲಬಸ್ ಬಗ್ಗೆ ಕೇಳಬೇಡಿ, ಅವರು ಹೇಳಿ ಮುಗಿಸುವುದರೊಳಗೆ ಅದು ಬದಲಾಗಿರುತ್ತದೆ. ಅವರ ಫೋನ್ ನಂಬರ್ ಬರೆದುಕೊಳ್ಳಿ, ಅದು ಬದಲಾಗುವುದಿಲ್ಲ. ಮುಂದಿನ ಪಠ್ಯಕ್ರಮ ಬರೆಯಲು ಕೂತವರಲ್ಲಿ ಮಾತ್ರ ಒಂದು ಬಿನ್ನಹ: ಮೇಷ್ಟ್ರ ಮೇಜಿಗೆ ಇನ್ನೊಂದು ಯೋಜನೆ ಕಳಿಸುವ ಮುಂಚೆ ದಯವಿಟ್ಟು ಒಬ್ಬ ಗುಮಾಸ್ತನನ್ನು ಕಳಿಸಿ. ಅವರು ಅರ್ಥಶಾಸ್ತ್ರ ಪಾಠ ಮಾಡಬೇಕಾಗಿದೆ.