ಓನರ್ ಧರ್ಮಶಾಸ್ತ್ರ: ಭಾಷ್ಯಕ್ಕೊಂದು ಪೀಠಿಕೆ

ತುಮಕೂರನ್ನು ಕಲ್ಪತರು ನಾಡು ಎನ್ನುತ್ತಾರೆ. ಕೇಳಿದ್ದನ್ನೆಲ್ಲ ಕೊಡುವುದು ಕಲ್ಪತರುವಿನ ಲಕ್ಷಣ. ಅಂಥ ನಾಡಿನಲ್ಲಿ ‘ಸಾರ್, ಬಚ್ಚಲ ಪೈಪು ಸೋರ್ತಿದೆ’ ಎಂದು ಕೇಳಿದ ಬಾಡಿಗೆದಾರನಿಗೆ ಏನು ದೊರಕುತ್ತದೆ ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ.

ಈ ಶಾಸ್ತ್ರಕ್ಕೆ ಶ್ರುತಿಯೆಂದರೆ 1882ರ ಆಸ್ತಿ ವರ್ಗಾವಣೆ ಕಾಯಿದೆ. ಮನೆಯಲ್ಲಿ ಕಣ್ಣಿಗೆ ಬೀಳದ ದೊಡ್ಡ ದೋಷವಿದ್ದು, ಅದು ತನಗೆ ಮಾತ್ರ ಗೊತ್ತಿದ್ದರೆ ಮಾಲೀಕ ಮೊದಲೇ ತಿಳಿಸತಕ್ಕದ್ದು ಎನ್ನುತ್ತದೆ ಅದರ 108ನೇ ಕಲಮು. ಎಸ್‌ಐಟಿ ಬಡಾವಣೆಯ ಸಂಪ್ರದಾಯ ತುಸು ಬೇರೆ: ತೇವ ಹಿಡಿದ ಗೋಡೆಗೆ ದೊಡ್ಡ ಕ್ಯಾಲೆಂಡರು ನೇತುಹಾಕುವುದು. ಅದನ್ನು ಎತ್ತಿ ನೋಡದವನು ಅಜ್ಞಾನಿ. ಅಜ್ಞಾನಕ್ಕೆ ಓನರ್ ಹೊಣೆಯಲ್ಲ. ಮಾಲೀಕ ಮಾಡಿಸಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟರೂ ಮಾಡಿಸದಿದ್ದಲ್ಲಿ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದೂ ಅದೇ ಕಲಮು ಹೇಳುತ್ತದೆ. ಹಾಗೆ ಮುರಿದುಕೊಂಡವರನ್ನು ಸಂದರ್ಶಿಸಲು ಹೋದೆವು. ಅವರು ಮನೆ ಬದಲಿಸಿದ್ದರು.

ಇನ್ನು 1999ರ ಕರ್ನಾಟಕ ಬಾಡಿಗೆ ಕಾಯಿದೆ. ನೀರು, ಕರೆಂಟು ತಡೆಯಕೂಡದು, ಬಾಡಿಗೆಗೆ ರಸೀದಿ ಕೊಡಬೇಕು ಎಂದೆಲ್ಲ ಇದು ವಿಧಿಸುತ್ತದೆ. ಆದರೆ ತಿಂಗಳ ಬಾಡಿಗೆ ಕೆಲವು ಊರುಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಮನೆ ಕಾಯಿದೆಯ ಆಚೆ. ಆದ್ದರಿಂದ ಇದನ್ನು ಪುರಾಣ ವಿಭಾಗಕ್ಕೆ ಸೇರಿಸುವುದು ಸೂಕ್ತ.

ವಿದ್ವಾಂಸರ ನಿದ್ದೆಗೆಡಿಸಿರುವುದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆ. ಹೆಸರೇ ಹೇಳುವಂತೆ ಮಾದರಿ. ರಾಜ್ಯ ಒಪ್ಪಿಕೊಂಡರಷ್ಟೇ ಕಾನೂನು. ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂಬ ವಾಕ್ಯವನ್ನು ಬಟವಾಡಿಯ ಓನರೊಬ್ಬರಿಗೆ ಓದಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಅದರ ಅನುಬಂಧದಂತೆ ನಲ್ಲಿಯ ವಾಷರು ಬಾಡಿಗೆದಾರನ ಪಾಲು, ಗೋಡೆಯೊಳಗಿನ ಪೈಪು ಮಾಲೀಕನ ಪಾಲು. ನೀರು ಮಾತ್ರ ಸದಾ ಇವೆರಡರ ಸಂಧಿಯಲ್ಲೇ ಸೋರುತ್ತದೆ. ಆ ಸಂಧಿಗೆ ಗುರುವಾರ ಟೇಪು ಸುತ್ತಿ ಹೋದ ಪ್ಲಂಬರು ಯಾರ ಪಕ್ಷ ಎಂಬುದು ಇತ್ಯರ್ಥವಾಗಿಲ್ಲ.

ಕಾಲಮೀಮಾಂಸೆಗೆ ಕುಣಿಗಲ್ ಉತ್ತಮ ಕ್ಷೇತ್ರ. ಒಂದು ವರ್ಷ ಮೀರಿದ ಕರಾರನ್ನು 1908ರ ಕಾಯಿದೆಯಂತೆ ನೋಂದಾಯಿಸಬೇಕು. ಆ ಖರ್ಚು ಯಾರಿಗೆ ಬೇಕೆಂದು ಮನುಷ್ಯರಿಗೆ ಸಿಗುವುದು ಹನ್ನೊಂದೇ ತಿಂಗಳು. ಅದೇ ಊರಿನ ಕುದುರೆ ಫಾರಂ ಅನ್ನು ಸರ್ಕಾರ 1992ರಲ್ಲಿ 30 ವರ್ಷಕ್ಕೆ ಗುತ್ತಿಗೆ ಕೊಟ್ಟಿತ್ತು. ಕುದುರೆಗಳು ಗೋಡೆಗೆ ಮೊಳೆ ಹೊಡೆಯುವುದಿಲ್ಲವೆಂಬುದು ಇದಕ್ಕೆ ಕಾರಣವಿರಬಹುದು. ಗುಬ್ಬಿಯದು ಆಕಾಶತತ್ತ್ವ: ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು, ಅಂದಿನಿಂದ ಹಂಚಿನ ಮನೆಯ ಬಾಡಿಗೆಯೂ ರನ್‌ವೇ ಇಲ್ಲದೆ ನೇರ ಮೇಲೇಳುವುದನ್ನು ಕಲಿತಿದೆ.

ಕೊನೆಗೆ ಸುಣ್ಣಬಣ್ಣ. ಮಾದರಿ ಕಾಯಿದೆ ಇದನ್ನು ಮಾಲೀಕನ ಹೊಣೆಯೆಂದಿದೆ. ಕ್ಯಾತ್ಸಂದ್ರದಲ್ಲಿ ಮನೆ ಖಾಲಿ ಮಾಡುತ್ತಿದ್ದ ಹುಡುಗನ ಅಡ್ವಾನ್ಸಿನಲ್ಲಿ ಓನರ್ ಆಂಟಿ ಒಂದು ತಿಂಗಳ ಬಾಡಿಗೆಯನ್ನು ‘ಪೇಂಟಿಂಗಿಗೆ ಕಣಪ್ಪಾ’ ಎಂದು ಹಿಡಿದುಕೊಂಡರು. ಅಷ್ಟರಲ್ಲಿ ಹೊಸಬರು ಮನೆ ನೋಡಲು ಬಂದು, ಬಣ್ಣ ಹೊಡೆಸಿಕೊಡುತ್ತೀರಾ ಎಂದು ಕೇಳಿದರು.

‘ಯಾಕಮ್ಮಾ, ಗೋಡೆ ಹೊಸದರ ಹಾಗೇ ಇದೆಯಲ್ಲ!’ ಎಂದರು ಆಂಟಿ.